ಮುನಿಶಾಮಿಯ ಕಿತ್ತಳೆ ಕೊಳವೆ

ಪಟಾಲಮ್ಮನಿಗೆ ಓದು ಬರುವುದಿಲ್ಲ. ಆ ಒಂದು ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಹಲಸೂರಿನ ಕಡೆಯವರು ಯಾರಾದರೂ ಓದಿದರೆ ದಯವಿಟ್ಟು ಆಕೆಯ ಮುಂದೆ ಬಾಯಿ ಬಿಡಬೇಡಿ.

ಪಟಾಲಮ್ಮ ನಮ್ಮ ಮುನಿಶಾಮಿಯವರ ಹೆಂಡತಿ. ಮುನಿಶಾಮಿ ಎಂದರೆ ಹಲಸೂರು ಕೆರೆಗೆ ಹತ್ತಿರವಿರುವ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್. ಮೂವತ್ತೊಂದು ವರ್ಷ ಅದೇ ಲ್ಯಾಬು, ಅದೇ ಖಾಕಿ ಅಂಗಿ. ನಾನು ಹಂಸ, ಅಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ ಪಾಠ ಮಾಡುವವಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ‘ನೈಟ್ರಿಕ್ ಮೇಡಂ’ ಎಂದು ಕರೆಯುವುದು ನನಗೆ ಗೊತ್ತಿದೆ. ಆ ಹೆಸರಿನ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. ಈಗ ಇಲ್ಲ.

ಮುನಿಶಾಮಿ ಓದಿದ್ದು ಏಳನೇ ಕ್ಲಾಸು. ಆದರೆ ಯಾವ ಬಾಟಲಿ ಯಾವುದರ ಪಕ್ಕ ಇರಬಾರದು ಎಂಬುದು ಎಂ.ಎಸ್ಸಿ. ಮುಗಿಸಿ ಬಂದ ಹೊಸ ಮೇಷ್ಟ್ರುಗಳಿಗಿಂತ ಅವರಿಗೇ ಚೆನ್ನಾಗಿ ಗೊತ್ತಿತ್ತು. ಪರ್ಮಾಂಗನೇಟ್, ಡೈಕ್ರೋಮೇಟ್, ನೈಟ್ರಿಕ್ ಆಸಿಡ್, ಪೆರಾಕ್ಸೈಡ್, ಇವನ್ನೆಲ್ಲ ಅವರು ‘ಹಸಿದೋರು’ ಎನ್ನುತ್ತಿದ್ದರು. ಎದುರಿಗೆ ಸಿಕ್ಕಿದ್ದನ್ನು ತಿನ್ನುವ ಜಾತಿ. ಅವುಗಳಿಗೆ ಕಿಟಕಿ ಕಡೆಯ ಗೂಡು. ಸ್ಪಿರಿಟ್ಟು, ಅಸಿಟೋನು, ಈಥರುಗಳಿಗೆ ಲ್ಯಾಬಿನ ಇನ್ನೊಂದು ತುದಿ. ಹಸಿದವನ ಮುಂದೆ ಎಲೆ ಹಾಕಿಟ್ಟು ಊಟ ಮಾಡಬೇಡ ಅಂದರೆ ಕೇಳ್ತಾನಾ ಎಂದು ಹೊಸ ಹುಡುಗರಿಗೆ ಹೇಳುತ್ತಿದ್ದರು. ಆಕ್ಸಿಡೀಕರಣದ ಬಗ್ಗೆ ನಾನು ಒಂದು ಗಂಟೆ ಗಂಟಲು ಹರಿದುಕೊಂಡು ಹೇಳುತ್ತಿದ್ದುದು ಇಷ್ಟೇ.

ಪರ್ಮಾಂಗನೇಟಿನಿಂದ ಅವರ ಬೆರಳುಗಳು ಸದಾ ಕಂದು. ವರ್ಷಕ್ಕೆ ಎರಡು ಮೂರು ಸಲ, ಯಾರದ್ದಾದರೂ ಮದುವೆ ಇದ್ದಾಗ ಮಾತ್ರ, ಆಕ್ಸಾಲಿಕ್ ಆಸಿಡ್ ನೀರಿನಲ್ಲಿ ಅದ್ದಿ ಕಲೆ ತೆಗೆದುಕೊಂಡು ಹೋಗುತ್ತಿದ್ದರು. ಅವರಿಗೆ ಇದ್ದ ಹೆಮ್ಮೆ ಒಂದೇ. ಒಮ್ಮೆ ಇಡೀ ಬ್ಯಾಚಿನ ಟೈಟ್ರೇಷನ್ ತಪ್ಪಾಗಿ ಬಂದಾಗ ನಾನು ಎಲ್ಲರ ಮುಂದೆ ಅವರ ದ್ರಾವಣವನ್ನೇ ಬೈದಿದ್ದೆ. ಅವರು ಊಟಕ್ಕೂ ಹೋಗದೆ ಹೊಸದಾಗಿ ತೂಕ ಮಾಡಿ, ಸೋಸಿ, ಮತ್ತೆ ತಯಾರಿಸಿ, ತಪ್ಪಿರುವುದು ಹೊಸ ಪಿಪೆಟ್ಟುಗಳಲ್ಲಿ ಎಂದು ತೋರಿಸಿಕೊಟ್ಟರು. ಆಮೇಲೆ ಒಂದೇ ಮಾತು ಹೇಳಿದರು.

“ನನ್ ಸೊಲ್ಯೂಷನ್ ತಪ್ಪಾಗಲ್ಲ ಮೇಡಂ.”

ಅದು ಅವರ ಮಂತ್ರವೇ ಆಗಿತ್ತು. ಮನೆಯಲ್ಲೂ ಹೇಳುತ್ತಿದ್ದರಂತೆ.

ಅವರಿಗೆ ಒಬ್ಬನೇ ಮಗ, ಜಗನ್. ಇಪ್ಪತ್ತೇಳು ವರ್ಷ. ಶಾಲೆಯ ವ್ಯಾನು ಓಡಿಸುತ್ತಿದ್ದ, ವಿಮಾನಪುರ, ಸಿ.ವಿ. ರಾಮನ್ ನಗರದ ಮಕ್ಕಳನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಬಿಡುವ ಕೆಲಸ. ಒಳ್ಳೆಯ ಹುಡುಗ, ನಗುಮುಖ. ಆದರೆ ಕುಡಿತ ಹತ್ತಿಕೊಂಡಿತ್ತು. ಒಂದು ಸಲ ವ್ಯಾನನ್ನು ಹಲಸೂರು ಬಜಾರಿನ ಕಂಬಕ್ಕೆ ತಗುಲಿಸಿದ್ದ. ಪುಣ್ಯಕ್ಕೆ ಒಳಗೆ ಮಕ್ಕಳಿರಲಿಲ್ಲ. ಅವತ್ತಿನಿಂದ ವ್ಯಾನಿನ ಕೀ ಅಪ್ಪನ ಜೇಬಿಗೆ ಹೋಯಿತು.

ಆ ವರ್ಷ ಜಗನ್ ಅಯ್ಯಪ್ಪನ ಮಾಲೆ ಹಾಕಿದ. ನಲವತ್ತೆಂಟು ದಿನ ಕಪ್ಪು ಬಟ್ಟೆ, ಬರಿಗಾಲು, ತಣ್ಣೀರು ಸ್ನಾನ, ಒಂದು ತೊಟ್ಟೂ ಇಲ್ಲ. ಬೆಟ್ಟಕ್ಕೆ ಹೋಗಿ ಬಂದು ಸಂಕ್ರಾಂತಿಯ ಹೊತ್ತಿಗೆ ಮಾಲೆ ತೆಗೆಯಬೇಕಾಯಿತು. ಮಾಲೆ ತೆಗೆದ ದಿನವೇ ನೇರವಾಗಿ ಬಾರಿಗೆ ಹೋಗುವವರನ್ನು ನಮ್ಮ ಕಡೆ ಎಲ್ಲರೂ ನೋಡಿದ್ದೇವೆ. ಆ ಭಯ ಅಪ್ಪನಿಗಿಂತ ಮಗನಿಗೇ ಹೆಚ್ಚಾಗಿತ್ತು. ಕುತ್ತಿಗೆ ಖಾಲಿ ಖಾಲಿ ಅನ್ನಿಸುತ್ತೆ, ದಿನಾ ನೀನೇ ನನ್ನನ್ನು ನೋಡಿ ಕೀ ಕೊಡು ಎಂದು ಅವನೇ ಅಪ್ಪನನ್ನು ಕೇಳಿದನಂತೆ. ಮೂಸಿ ನೋಡಿದರೆ ಗೊತ್ತಾಗುವುದಿಲ್ಲ, ಏಲಕ್ಕಿ ಜಗಿದು ಮೋಸ ಮಾಡಿಬಿಡುತ್ತೇನೆ ಎಂದೂ ಅವನೇ ಹೇಳಿದ್ದ.

ಹೀಗೆ ಮುನಿಶಾಮಿ ಒಂದು ಮಧ್ಯಾಹ್ನ ನನ್ನ ಮೇಜಿನ ಮುಂದೆ ಬಂದು ನಿಂತರು. ಹಿಂದೆ ಪೊಲೀಸರು ಕುಡಿದವರನ್ನು ಹಿಡಿಯಲು ಗಾಜಿನ ಕೊಳವೆಯೊಂದನ್ನು ಊದಿಸುತ್ತಿದ್ದರು ಎಂದು ನಾನು ಕ್ಲಾಸಿನಲ್ಲಿ ಹೇಳಿದ್ದನ್ನು ಅವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಅದನ್ನು ಮಾಡುವುದು ಹೇಗೆ ಎಂದು ಕೇಳಿದರು. ಕಾರಣವನ್ನೂ ಮುಚ್ಚಿಡದೆ ಹೇಳಿದರು.

ನನ್ನ ಮುಂದೆ ಅರವತ್ತು ರೆಕಾರ್ಡ್ ಪುಸ್ತಕಗಳಿದ್ದವು, ಸಂಜೆಯೊಳಗೆ ಮುಗಿಸಬೇಕಿತ್ತು. ತಲೆ ಎತ್ತದೆಯೇ ಹೇಳಿದೆ. ಡೈಕ್ರೋಮೇಟನ್ನು ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ, ಸಿಲಿಕಾ ಹರಳಿಗೆ ಹೀರಿಸಿ, ಕೊಳವೆಯಲ್ಲಿ ತುಂಬಿ, ಎರಡು ಕಡೆಯೂ ಗಾಜಿನ ಹತ್ತಿ ಇಡಬೇಕು. ಉಸಿರಿನಲ್ಲಿ ಆಲ್ಕೊಹಾಲ್ ಇದ್ದರೆ ಡೈಕ್ರೋಮೇಟು ಅದನ್ನು ತಿಂದು ವಿನೆಗರಿನ ಆಸಿಡ್ ಮಾಡುತ್ತದೆ, ತಿಂದದ್ದಕ್ಕೆ ತಾನು ಕಿತ್ತಳೆ ಬಣ್ಣ ಕಳೆದುಕೊಂಡು ಹಸಿರಾಗುತ್ತದೆ. ವಿಷದ ವಸ್ತು, ಊದಬೇಕೇ ಹೊರತು ಅಪ್ಪಿತಪ್ಪಿಯೂ ಒಳಗೆ ಎಳೆಯಬಾರದು. ಇಷ್ಟನ್ನೂ ಹೇಳಿದೆ. ಅವರು ತಲೆಯಾಡಿಸಿ, ಹೋಗುವ ಮುಂಚೆ ಒಂದು ಪ್ರಶ್ನೆ ಕೇಳಿದರು.

“ಬೇರೆ ಏನಾದ್ರೂ ಇದನ್ನ ಹಸಿರು ಮಾಡತ್ತಾ ಮೇಡಂ?”

“ಆಲ್ಕೊಹಾಲ್ ಇದ್ರೆ ಹಸಿರು, ಇಲ್ದಿದ್ರೆ ಇಲ್ಲ. ಅಷ್ಟೇ. ಸುಮ್ನೆ ತಲೆ ತಿನ್ಬೇಡಿ ಮುನಿಶಾಮಿ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದ ಮಾತಿಗೂ ಅಷ್ಟೇ ಲೆಕ್ಕ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಕೊಳವೆ ತಯಾರಾಯಿತು. ಪ್ರತಿ ಶನಿವಾರ ಹೊಸದೊಂದನ್ನು ಮಾಡಿ, ಎರಡೂ ಕಡೆ ಬಿರಡೆ ಹಾಕಿ, ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಅದರ ಜಾಗ ದೇವರ ಗೂಡಿನ ಪಕ್ಕದ ಮೊಳೆ, ಮಾಲೆ ತೆಗೆದು ನೇತುಹಾಕಿದ್ದ ಮೊಳೆ. ಬೆಳಿಗ್ಗೆ ಆರು ಗಂಟೆಗೆ ಜಗನ್ ಸ್ನಾನ ಮಾಡಿ ಬಂದು ಊದುತ್ತಿದ್ದ. ಅಪ್ಪ ಬಾಗಿಲ ಬೆಳಕಿಗೆ ಹಿಡಿದು ನೋಡಿ, ಕಿತ್ತಳೆ ಎನ್ನುತ್ತಿದ್ದರು. ಕೀ ಕೈಗೆ ಬರುತ್ತಿತ್ತು. ಅದನ್ನು ಕಣ್ಣಿಗೊತ್ತಿಕೊಂಡು ಅವನು ಹೊರಡುತ್ತಿದ್ದ. ಜನವರಿಯಿಂದ ಅಕ್ಟೋಬರಿನವರೆಗೆ ಒಂದು ದಿನವೂ ತಪ್ಪಲಿಲ್ಲ, ಒಂದು ದಿನವೂ ಹಸಿರಾಗಲಿಲ್ಲ. ಮುನಿಶಾಮಿ ಲ್ಯಾಬಿನಲ್ಲಿ ಹಾಡು ಗುನುಗಲು ಶುರು ಮಾಡಿದ್ದರು. ಕೆ.ಆರ್. ಪುರದ ಕಡೆ ಒಂದು ಹೆಣ್ಣು ನೋಡಿದ್ದೇವೆ ಎಂದೂ ಹೇಳಿದ್ದರು.

ದಸರಾ ರಜೆ ಮುಗಿದು ಶಾಲೆ ತೆರೆದ ಸೋಮವಾರ ಕೊಳವೆ ಹಸಿರಾಯಿತು.

ಅವತ್ತು ನಡೆದದ್ದು ನನಗೆ ಆಮೇಲೆ ತಿಳಿದಿದ್ದು. ಜಗನ್ ಕುಡಿದಿಲ್ಲ ಎಂದ. ಅಪ್ಪ ಕೊಳವೆಯನ್ನು ಅವನ ಮುಖದ ಮುಂದೆ ಹಿಡಿದರು. ಅವನು ಉರಿಯುವ ದೀಪದ ಮೇಲೆ ಕೈ ಇಟ್ಟು, ಮುಟ್ಟಿಲ್ಲ ಎಂದು ಆಣೆ ಮಾಡಿದ. ದೇವರ ಮುಂದೆ ಸುಳ್ಳಾಣೆ ಮಾಡಿದನಲ್ಲ ಎಂದು ಮುನಿಶಾಮಿ ರೇಗಿದರು. ಸುಳ್ಳುಗಾರ ಎಂದರು, ನನ್ನ ಮಗನೇ ಅಲ್ಲ ಎಂದರು, ಕೀ ಕೊಡಲಿಲ್ಲ. ಮಕ್ಕಳ ಮನೆಗಳಿಗೆಲ್ಲ ಫೋನ್ ಮಾಡಿ ಇವತ್ತು ವ್ಯಾನ್ ಬರುವುದಿಲ್ಲ ಎಂದು ತಾವೇ ಹೇಳಿದರು, ಮಗನ ಎದುರಿಗೇ. ಜಗನ್ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

ಆಮೇಲೆ ಅವನು ನಿಜವಾಗಿಯೂ ಕುಡಿದ. ಒಂಬತ್ತು ತಿಂಗಳ ಬಾಕಿಯನ್ನೆಲ್ಲ ಒಂದೇ ಬೆಳಿಗ್ಗೆ ಕುಡಿದ. ಮಧ್ಯಾಹ್ನ ಎರಡು ಗಂಟೆಗೆ ಕೆ.ಆರ್. ಪುರದ ಹತ್ತಿರ ಹಳಿ ದಾಟುವಾಗ ರೈಲಿಗೆ ಸಿಕ್ಕಿದ. ಹೊಟ್ಟೆಯಲ್ಲಿ ಮದ್ಯ ಇತ್ತು ಎಂದು ಆಸ್ಪತ್ರೆಯವರು ಬರೆದುಕೊಟ್ಟರು. ಅಲ್ಲಿಗೆ ಕೊಳವೆ ಹೇಳಿದ್ದೇ ನಿಜ ಎಂದಾಯಿತು.

ಮೂರನೆಯ ದಿನ ನಾನು ಅವರ ಮನೆಗೆ ಹೋದೆ. ಬಜಾರಿನ ಹಿಂದಿನ ಸಂದಿಯಲ್ಲಿ ಎರಡು ಕೋಣೆಯ ಮನೆ. ಪಟಾಲಮ್ಮ ನನ್ನ ಕೈ ಹಿಡಿದುಕೊಂಡು ಅತ್ತರು. ಭಾನುವಾರ ಮುನೇಶ್ವರನ ಹರಕೆ ಊಟಕ್ಕೆ ಹೋಗಿದ್ದೆವು, ಬಾಡೂಟ ತಿಂದು ಮಗುವಿಗೆ ಹೊಟ್ಟೆ ಕಟ್ಟಿತ್ತು ಎಂದರು. ಇಪ್ಪತ್ತೇಳು ವರ್ಷದವನು ಅವರಿಗೆ ಇನ್ನೂ ಮಗುವೇ. ಅದಕ್ಕೇ ಬೆಳಿಗ್ಗೆ ಸ್ನಾನ ಮಾಡಿ ಬಂದ ತಕ್ಷಣ ಒಳಗೆ ಕರೆದು ಎರಡು ಮುಚ್ಚಳ ಜೀರಕಾರಿಷ್ಟ ಕುಡಿಸಿ, ನಾನು ನೀರು ಹಿಡಿಯಲು ನಲ್ಲಿಗೆ ಹೋದೆ, ವಾಪಸ್ ಬರುವಷ್ಟರಲ್ಲಿ ಅವನು ಹೊರಟುಹೋಗಿದ್ದ, ನನ್ನ ಕೈಯಲ್ಲಿ ಅವನು ಕೊನೆಗೆ ತೊಗೊಂಡಿದ್ದು ಆ ಅರಿಷ್ಟವೇ ಎಂದರು.

ಅರಿಷ್ಟ ಎಂದರೆ ಹುಳಿ ಬರಿಸಿದ ಕಷಾಯ. ಹುಳಿ ಬರುವಾಗ ಅದರಲ್ಲಿ ತಾನಾಗಿಯೇ ಆಲ್ಕೊಹಾಲ್ ಹುಟ್ಟುತ್ತದೆ, ಬಿಯರಿನಲ್ಲಿ ಇರುವಷ್ಟು. ಬಾಣಂತಿಯರಿಗೆ ಕೊಡುತ್ತಾರೆ, ಅಜ್ಜಿಯಂದಿರು ಕುಡಿಯುತ್ತಾರೆ, ದೇವರ ಗೂಡಿನ ಪಕ್ಕದಲ್ಲೇ ಇಡುತ್ತಾರೆ. ಅದನ್ನು ಹೆಂಡ ಎಂದು ಯಾರು ಎಣಿಸುತ್ತಾರೆ? ಜಗನ್‌ಗೂ ಹೊಳೆಯಲಿಲ್ಲ. ಆದರೆ ಡೈಕ್ರೋಮೇಟಿಗೆ ಬಾಟಲಿಯ ಮೇಲಿನ ಚೀಟಿ ಓದಲು ಬರುವುದಿಲ್ಲ. ಸಾರಾಯಿಯದೋ, ಮದ್ದಿನದೋ, ಆಲ್ಕೊಹಾಲ್ ಸಿಕ್ಕಿದರೆ ತಿನ್ನುತ್ತದೆ. ಈಗಷ್ಟೇ ಕುಡಿದು ಊದಿದರೆ ಬಾಯಿಯಲ್ಲಿ ಉಳಿದ ಹನಿಯೇ ಸಾಕು. ಅದಕ್ಕೆಂದೇ ಒಂದು ನಿಯಮವಿದೆ: ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಾಲು ಗಂಟೆ ಕಾದು, ಇನ್ನೊಂದು ಸಲ ಊದಿಸಬೇಕು. ಇದು ನನಗೆ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಗೊತ್ತಿತ್ತು. ಅವರು ಬಾಯಿ ಬಿಟ್ಟು ಕೇಳಿದ್ದರು.

ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ಹೇಳಿದರೆ ಮಗನ ಮೇಲಿನ ಕಳಂಕ ಹೋಗುತ್ತದೆ, ಆದರೆ ಆ ಸಾವು ಅಪ್ಪನ ಹೆಗಲಿಗೆ ಬರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸುಳ್ಳು ಏಕೆ ಬರೆಯಲಿ, ನಾನು ಹೆದರಿದ್ದು ನನ್ನ ಹೆಗಲಿಗೆ. ಐದು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಷ್ಟು ಹೇಡಿ ನಾನು.

ಆ ಐದು ತಿಂಗಳು ಮುನಿಶಾಮಿ ಒಂದು ದಿನ ರಜೆ ಹಾಕಲಿಲ್ಲ. ಗುನುಗುವುದು ಮಾತ್ರ ನಿಂತಿತ್ತು. ಮಾರ್ಚಿನಲ್ಲಿ, ಅವರು ನಿವೃತ್ತರಾಗಲು ವಾರವಿದ್ದಾಗ, ಪಟಾಲಮ್ಮ ನನಗೆ ಫೋನ್ ಮಾಡಿದರು. ಜಗನ್‌ನ ಫೋಟೋಗೆ ಕಟ್ಟು ಹಾಕಿಸಿದ್ದೇನೆ, ಇವರು ಗೋಡೆಗೆ ಹಾಕಲು ಬಿಡುವುದಿಲ್ಲ, ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮಲಗಿದೆ ಎಂದರು. ದೀಪ ಮುಟ್ಟಿ ಸುಳ್ಳಾಣೆ ಮಾಡಿದವನ ಮುಖ ದೇವರ ಎದುರಿಗೆ ಬೇಡ ಎನ್ನುತ್ತಾರಂತೆ. ನಿಮ್ಮ ಮಾತನ್ನು ಅವರು ಕೇಳುತ್ತಾರೆ, ಒಂದು ಸಲ ಹೇಳಿ ಮೇಡಂ ಎಂದರು. ಮಗನ ಮುಖ ನೋಡಬೇಕೆಂದರೆ ಆ ತಾಯಿ ಬೀಗ ತೆಗೆದು ಸೀರೆ ಸರಿಸಬೇಕಿತ್ತು.

ಮಾರನೆಯ ದಿನ ಮುನಿಶಾಮಿ ತಮ್ಮ ಕಪಾಟು ಖಾಲಿ ಮಾಡುತ್ತಿದ್ದರು. ನನ್ನ ಮೇಜಿನ ಮೇಲೆ ಆ ಸೋಮವಾರದ ಕೊಳವೆ ತಂದಿಟ್ಟರು. ಹಸಿರು. ಇದನ್ನು ಕ್ರೋಮಿಯಂ ವೇಸ್ಟಿನ ಡಬ್ಬಕ್ಕೆ ಹಾಕಲೋ ಬೇಡವೋ ಎಂದು ಕೇಳಿದರು. ದನಿಯಲ್ಲಿ ಏನೂ ಇರಲಿಲ್ಲ.

ಬಾಗಿಲು ಹಾಕಿ, ಕೂತ್ಕೊಳ್ಳಿ ಎಂದೆ. ಇಷ್ಟು ವರ್ಷಗಳಲ್ಲಿ ಅವರು ನನ್ನ ಮುಂದೆ ಕೂತದ್ದು ಅದೇ ಮೊದಲು. ಅವತ್ತು ಅವರು ಕೇಳಿದ್ದ ಪ್ರಶ್ನೆಗೆ ಅವತ್ತು ಕೊಡದ ಉತ್ತರವನ್ನು ಪೂರ್ತಿಯಾಗಿ ಹೇಳಿದೆ. ಅರಿಷ್ಟ, ಬಾಯಿಯ ಹನಿ, ನೀರು, ಕಾಲು ಗಂಟೆ. ಪಟಾಲಮ್ಮ ಕುಡಿಸಿದ್ದನ್ನೂ ಹೇಳಿದೆ. ತಪ್ಪು ನನ್ನದು ಎಂದೆ. ಆಮೇಲೆ ಅವರು ಕೇಳಿದ್ದು ಒಬ್ಬ ಲ್ಯಾಬ್ ಅಟೆಂಡರ್ ಕೇಳುವ ಮಾತು.

“ಮಾಡಿ ನೋಡೋಣ ಮೇಡಂ.”

ನನ್ನ ಡ್ರಾಯರಿನಲ್ಲಿ ಶಿವಾಜಿನಗರದಿಂದ ತಂದಿಟ್ಟಿದ್ದ ಜೀರಕಾರಿಷ್ಟದ ಬಾಟಲಿ ಐದು ತಿಂಗಳಿಂದ ಇತ್ತು. ಅವರು ಎರಡು ಹೊಸ ಕೊಳವೆ ತುಂಬಿದರು. ನಾನು ಕುಡಿಯುತ್ತೇನೆ ಎಂದರೆ ಬಿಡಲಿಲ್ಲ. ಎರಡು ಮುಚ್ಚಳ ತಾವೇ ಕುಡಿದು, ಮೊದಲನೆಯದನ್ನು ಊದಿದರು. ನೋಡನೋಡುತ್ತಿದ್ದಂತೆ ತುದಿಯಿಂದ ಹಸಿರು ಹತ್ತಿತು. ಸಿಂಕಿನ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿ ಬಂದರು. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಇಪ್ಪತ್ತು.

ನನ್ನ ಜೀವನದಲ್ಲಿ ಅಷ್ಟು ಉದ್ದದ ಕಾಲು ಗಂಟೆ ಬಂದಿಲ್ಲ. ಅರ್ಧ ಆಗಿರಬೇಕು, ಆಗ ಅವರು ಮಾತಾಡಿದರು.

“ಅವ್ನು ನೀರು ಕೇಳ್ದ ಮೇಡಂ. ನೀರು ಕುಡ್ದು ಇನ್ನೊಂದ್ ಸಲ ಊದ್ತೀನಿ ಇರಪ್ಪಾ ಅಂದ. ಬಾಯಿ ತೊಳ್ಕೊಂಡು ಮೋಸ ಮಾಡ್ತಾನೆ ಅಂತ ಚೊಂಬು ಕಿತ್ಕೊಂಡ್ಬಿಟ್ಟೆ.”

ನಾನು ಅತ್ತೆ. ಅವರು ಅಳಲಿಲ್ಲ, ಗಡಿಯಾರ ನೋಡುತ್ತಿದ್ದರು. ಹನ್ನೊಂದೂ ಮೂವತ್ತೈದಕ್ಕೆ ಎದ್ದು ಎರಡನೆಯ ಕೊಳವೆ ಊದಿ ಕಿಟಕಿಯ ಬೆಳಕಿಗೆ ಹಿಡಿದರು. ಕಿತ್ತಳೆ. ಒಂದು ಹರಳೂ ಬಣ್ಣ ಬಿಟ್ಟಿರಲಿಲ್ಲ. ಅವರು ಹಾಗೇ ಹಿಡಿದುಕೊಂಡು ನಿಂತಿದ್ದರು, ಆಮೇಲೆ ಅಳು ಬಂತು. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ, ಇನ್ನು ನೋಡುವುದೂ ಬೇಡ.

ಮುಖ ತೊಳೆದುಕೊಂಡು ಬಂದು ನನ್ನಿಂದ ಒಂದು ಮಾತು ತೆಗೆದುಕೊಂಡರು. ಅರಿಷ್ಟದ ವಿಷಯ ಪಟಾಲಮ್ಮನಿಗೆ ಯಾವತ್ತೂ ತಿಳಿಯಬಾರದು, ತಿಳಿದರೆ ಅವಳು ಉಳಿಯುವುದಿಲ್ಲ. ಹಾಗಾದರೆ ಫೋಟೋ ಹೇಗೆ ಹಾಕುತ್ತೀರಿ, ಏನು ಹೇಳುತ್ತೀರಿ ಎಂದು ಕೇಳಿದೆ.

“ಟ್ಯೂಬ್ ಕೆಟ್ಟಿತ್ತು ಅಂತೀನಿ. ನನ್ ಸೊಲ್ಯೂಷನ್ ತಪ್ಪಾಗಿತ್ತು ಅಂತೀನಿ.”

ಏಪ್ರಿಲ್‌ನಲ್ಲಿ, ನಿವೃತ್ತಿಯಾದ ಮೇಲೆ, ಅವರ ಮನೆಗೆ ಹೋದೆ. ಜಗನ್ ಗೋಡೆಯ ಮೇಲಿದ್ದ, ದೇವರ ಗೂಡಿನ ಎದುರಿಗೇ, ಗಂಧದ ಹಾರ ಹಾಕಿಕೊಂಡು ನಗುತ್ತಿದ್ದ. ಮುನಿಶಾಮಿಯವರ ಕೈ ಬೆಳ್ಳಗಾಗಿತ್ತು, ಬೆರಳಿನ ಕಂದು ಪೂರ್ತಿ ಹೋಗಿತ್ತು. ಬನ್ನಿ ಮೇಡಂ ಎಂದು ಹೇಳಿ ಬಾಗಿಲ ಬಳಿ ನೆಲದ ಮೇಲೆ ಕೂತರು. ಪಟಾಲಮ್ಮ ಅವರ ಕಡೆ ತಿರುಗಿಯೂ ನೋಡಲಿಲ್ಲ.

“ನನ್ ಸೊಲ್ಯೂಷನ್ ತಪ್ಪಾಗಲ್ಲ, ತಪ್ಪಾಗಲ್ಲ ಅಂತ ಊರಿಗೆಲ್ಲಾ ಹೇಳ್ಕೊಂಡ್ ಬಂದ್ರು. ನನ್ ಮಗನ್ ವಿಷ್ಯದಲ್ಲೇ ತಪ್ಪಾಗ್ಬೇಕಿತ್ತಾ ಮೇಡಂ?”

ಆ ವಿಷಯ ಹೇಳಿದ ದಿನದಿಂದ ಗಂಡನ ಹತ್ತಿರ ಒಂದು ಮಾತೂ ಆಡಿಲ್ಲ ಎಂದರು. ಅನ್ನ ಬಡಿಸಿಟ್ಟು ಎದ್ದು ಹೋಗುತ್ತಾರಂತೆ. ನಿಜ ನನ್ನ ಬಾಯಿಯ ತುದಿಯವರೆಗೆ ಬಂತು, ನುಂಗಿದೆ. ನನ್ನ ಮುಖ ಹೇಗಾಗಿತ್ತೋ ಏನೋ, ಪಟಾಲಮ್ಮ ಹತ್ತಿರ ಬಂದು ಹಣೆ ಮುಟ್ಟಿ ನೋಡಿದರು. ಬಿಸಿಲಲ್ಲಿ ಬಂದಿದ್ದೀರಿ, ಹೊಟ್ಟೆ ತೊಳಸುತ್ತಿದೆಯಾ ಎಂದು ಕೇಳಿ, ಬೇಡ ಎನ್ನುವಷ್ಟರಲ್ಲಿ ಗೂಡಿನ ಪಕ್ಕದಿಂದ ಜೀರಕಾರಿಷ್ಟದ ಬಾಟಲಿ ತೆಗೆದರು. ಅದೇ ಬಾಟಲಿ, ಅರ್ಧ ಖಾಲಿ. ಎರಡು ಮುಚ್ಚಳ ಅಳೆದು ಕೊಟ್ಟರು.

ಕುಡಿದೆ. ಕುಡಿಯದೆ ಏನು ಮಾಡಲಿ?

ಮುನಿಶಾಮಿ ಎದ್ದು ಒಳಗೆ ಹೋಗಿ ಒಂದು ಚೊಂಬು ನೀರು ತಂದರು. ಎರಡೂ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಿಂತರು.

“ಬಾಯಿ ಮುಕ್ಕಳಿಸ್ಕೊಳ್ಳಿ ಮೇಡಂ,” ಎಂದರು.